ಒಗ್ಗರಣೆ ಇಲ್ಲದ ಮನೆ

ಅವರ ಬಲಗೈ ಬೆರಳುಗಳ ತುದಿ ಸದಾ ಕೆಂಪಗಿರುತ್ತಿತ್ತು. ಮದರಂಗಿ ಹಚ್ಚಿಕೊಂಡಿದ್ದಾರೆ ಎಂದೇ ನಾನು ಮೊದಲು ತಿಳಿದಿದ್ದೆ. ಆಮೇಲೆ ಗೊತ್ತಾಯಿತು, ಅದು ಮುದ್ದೆಯ ಬಿಸಿಗೆ ಸುಟ್ಟ ಕೆಂಪು. ಹಬೆಯಾಡುವ ರಾಗಿಮುದ್ದೆಯನ್ನು ಮುರಿದು, ಸಾರಿನಲ್ಲಿ ಹೊರಳಿಸಿ ನುಂಗುವುದು ಇಲ್ಲಿ ಹುಟ್ಟಿದವರಿಗೆ ನೀರು ಕುಡಿದಷ್ಟು ಸಲೀಸು. ಇಂಗ್ಲೆಂಡಿನಲ್ಲಿ ಹುಟ್ಟಿ, ಮೂವತ್ತು ಸಮೀಪಿಸಿದ ಮೇಲೆ ಚನ್ನಗಿರಿಗೆ ಸೊಸೆಯಾಗಿ ಬಂದವರ ಬೆರಳಿಗೆ ಆ ವಿದ್ಯೆ ಕೊನೆಯವರೆಗೂ ಒಗ್ಗಲಿಲ್ಲ. ಚಮಚ ಕೇಳಬಹುದಿತ್ತು. ಆದರೆ "ಚಮಚದಾಗೆ ಉಣ್ಣೋರು ರೋಗಿಷ್ಠರು" ಎಂದು ಅವರ ಅತ್ತೆ, ಇವರು ಬಂದ ವಾರವೇ ಹೇಳಿಬಿಟ್ಟಿದ್ದರಂತೆ. ಅಲ್ಲಿಗೆ ಚಮಚದ ಕಥೆ ಮುಗಿಯಿತು.

ಅವರ ಗಂಡ ನಮ್ಮ ಓಣಿಯ ಅಡಿಕೆ ಮಂಡಿಯವರ ಮಗ. ಡಾಕ್ಟರಿಕೆ ಓದಲು ವಿಲಾಯತಿಗೆ ಹೋಗಿ, ಅಲ್ಲಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಇವರನ್ನು ಮದುವೆಯಾಗಿ, ಎಪ್ಪತ್ತರ ದಶಕದ ಮೊದಲಲ್ಲಿ ಊರಿಗೆ ಮರಳಿ ದವಾಖಾನೆ ತೆರೆದಿದ್ದರು. ಮನೆಯವರು ಇವರಿಗೆ ಸ್ವಾಮಿಗಳಿಂದ ಲಿಂಗ ಕಟ್ಟಿಸಿ, ಸೀರೆ ಉಡಿಸಿ, ಮಾಂಸ ಮೊಟ್ಟೆ ಬಿಡಿಸಿ ಒಳಗೆ ಕರೆದುಕೊಂಡರು. ಇವರೂ ಎದುರಾಡದೆ ಎಲ್ಲಕ್ಕೂ ಹೂಂ ಎಂದರು. ಸೂಳೆಕೆರೆಯ ಮೀನಿನ ಬುಟ್ಟಿ ಹೊತ್ತವರು ಆಚೆ ಬೀದಿಯಲ್ಲಿ ಕೂಗಿಕೊಂಡು ಹೋಗುವಾಗ ಮಾತ್ರ ಆಡುತ್ತಿದ್ದ ಮಾತು ಬಿಟ್ಟು, ಆ ಕೂಗು ದೂರವಾಗುವ ತನಕ ಕಿವಿಗೊಡುತ್ತಿದ್ದರು. ಓಣಿಯವರ ಬಾಯಲ್ಲಿ ಅವರು ಬಿಳಿ ಸೊಸೆ. ನನಗೆ ಅಕ್ಕ.

ತುರ್ತು ಪರಿಸ್ಥಿತಿಯ ಕಾಲದಲ್ಲಿ ನಾನು ಜಗಳೂರಿನಿಂದ ಅವರ ಎದುರು ಮನೆಗೆ ಮದುವೆಯಾಗಿ ಬಂದೆ. ಜೋಳದ ರೊಟ್ಟಿ, ಕೆಂಪು ಖಾರ, ಶೇಂಗಾ ಚಟ್ನಿಯ ಸೀಮೆ ನಮ್ಮದು. ಇಲ್ಲಿ ಎರಡು ಹೊತ್ತೂ ಮುದ್ದೆ, ಅನ್ನ ತಿಂದು ತಿಂದು ನನ್ನ ನಾಲಿಗೆಯೂ ತವರಿಗಾಗಿ ಅಳುತ್ತಿತ್ತು. ಬಂದ ಹೊಸದರಲ್ಲಿ ಒಂದು ದಿನ ನಮ್ಮತ್ತೆ ಬಾಗಿಲಲ್ಲಿ ನಿಂತು ಮೂಗರಳಿಸಿದರು.

"ಎದುರು ಮನೇಲಿ ಹೊತ್ತೇರಿದ್ರೂ ಒಗ್ಗರಣೆ ವಾಸ್ನೆ ಇಲ್ಲ. ಯಾರಿಗೋ ಹುಷಾರಿಲ್ಲ ಅಂತ ಕಾಣ್ತೈತೆ. ಹೋಗಿ ನೋಡ್ಕಂಡು ಬಾರವ್ವ" ಎಂದರು.

ನಮ್ಮ ಓಣಿಯಲ್ಲಿ ಆಗ ಗೋಡೆಗೆ ಗೋಡೆ ಅಂಟಿದ ಮನೆಗಳು. ಯಾರ ಮನೆಯಲ್ಲಿ ಸಾಸಿವೆ ಸಿಡಿಯಿತು, ಯಾರು ಇಂಗು ಹಾಕಿದರು, ಯಾರು ಬೆಳ್ಳುಳ್ಳಿ ಜಜ್ಜಿದರು ಎಂಬುದು ಎಲ್ಲರಿಗೂ ತಿಳಿಯುತ್ತಿತ್ತು. ಒಗ್ಗರಣೆ ಇಲ್ಲವೆಂದರೆ ಒಂದೋ ಕಾಯಿಲೆ, ಇಲ್ಲವೇ ಸಾವು. ಶರಣರ ಮತದವರಿಗೆ ಸೂತಕವಿಲ್ಲ ಎಂದು ನಾವು ಹೇಳಿಕೊಳ್ಳುವುದೇನೋ ನಿಜ. ಆದರೂ ಸಾವಾದ ಮನೆಯಲ್ಲಿ ಶಿವಗಣಾರಾಧನೆ ಮುಗಿಯುವ ತನಕ ಎಣ್ಣೆ ಚುರ್ ಅನ್ನಿಸುವುದಿಲ್ಲ. ಬೇಯಿಸಿದ ಬೇಳೆ, ಬೇಯಿಸಿದ ಕಾಯಿಪಲ್ಲೆ, ಉಪ್ಪು, ಅಷ್ಟೇ. ಹೇಳುವುದು ಒಂದು, ಮಾಡುವುದು ಇನ್ನೊಂದು. ಅದರಲ್ಲಿ ನಾವು ಗಟ್ಟಿಗರು.

ನಾನು ಹೋಗಿ ನೋಡಿದರೆ ಅಕ್ಕ ಒಲೆಯ ಮುಂದೆ ಗುಂಡುಕಲ್ಲಿನಂತೆ ಗಟ್ಟಿಮುಟ್ಟಾಗಿ ಕೂತಿದ್ದಾರೆ. ಅತ್ತೆ ಉಬ್ರಾಣಿಯ ನೆಂಟರ ಮನೆಗೆ ಹೋಗಿದ್ದರು. ಆ ದಿನಗಳಲ್ಲಿ ಮಾತ್ರ ಅಕ್ಕ ತಮ್ಮ ಅಡಿಗೆ ಮಾಡಿಕೊಳ್ಳುತ್ತಿದ್ದರು. ಬೇಯಿಸಿದ ಆಲೂಗಡ್ಡೆ ಹಿಸುಕಿ, ಹಾಲು ಬೆಣ್ಣೆ ಹಾಕಿ, ಮೇಲೆ ಕರಿಮೆಣಸಿನ ಪುಡಿ. ಪಕ್ಕದಲ್ಲಿ ಬೇಯಿಸಿದ ಹುರುಳಿಕಾಯಿ, ಬೇಕರಿಯ ಬ್ರೆಡ್ಡು. ನನಗೂ ಒಂದು ತಟ್ಟೆಗೆ ಹಾಕಿ ಕೊಟ್ಟರು. ನಾನು ನಿಂತುಕೊಂಡೇ ಒಂದು ತುತ್ತು ಬಾಯಿಗಿಟ್ಟೆ. ಬಾಯೊಳಗೆ ಏನೂ ನಡೆಯಲಿಲ್ಲ.

"ಹೆಂಗೈತೆ?" ಎಂದು ನನ್ನ ಮುಖವನ್ನೇ ನೋಡುತ್ತಾ ಕೇಳಿದರು.

ಜಗಳೂರಿನವಳಿಗೆ ಸುಳ್ಳು ಹೇಳಲು ತಕ್ಷಣಕ್ಕೆ ಬರುವುದಿಲ್ಲ. "ಮೆತ್ತಗೈತೆ ಅಕ್ಕ" ಎಂದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ನೆಲ ತಟ್ಟಿ, "ನಿಂತ್ಕಬ್ಯಾಡ. ಕೂತ್ಕ. ಎದುರಿಗೆ ಕೂತ್ಕ" ಎಂದರು.

ಅಂದಿನಿಂದ ಅವರ ಅತ್ತೆ ಊರಲ್ಲಿಲ್ಲದ ಮಧ್ಯಾಹ್ನ ನಾನು ಒಂದು ರೊಟ್ಟಿ ಸುತ್ತಿಕೊಂಡು ಅಲ್ಲಿಗೆ ಹೋಗುವುದು ರೂಢಿಯಾಯಿತು. ಅವರ ಆಲೂಗಡ್ಡೆ ಅವರಿಗೆ, ನನ್ನ ಖಾರ ನನಗೆ. ಊಟದ ಬಗ್ಗೆ ಅವರು ಬಹಳ ಯೋಚಿಸಿದ್ದರು. ಮಾತಾಡಲು ಬೇರೆ ಯಾರೂ ಸಿಗದಿದ್ದರಿಂದ ಎಲ್ಲವನ್ನೂ ನನಗೇ ಹೇಳುತ್ತಿದ್ದರು. ನಿಮ್ಮಲ್ಲಿ ಉಪ್ಪಿನಕಾಯಿಯಿಂದ ಪಾಯಸದ ತನಕ ಎಲ್ಲವೂ ಒಂದೇ ಎಲೆಗೆ ಒಂದೇ ಸಲ ಬರುತ್ತದೆ, ಹಾಗಾಗಿ ಪ್ರತಿ ತುತ್ತಿಗೂ ಬೇರೆ ರುಚಿ ಎನ್ನುತ್ತಿದ್ದರು. ಅವರಲ್ಲಿ ತರಕಾರಿ ತರಕಾರಿಯ ಹಾಗೇ ಇರಬೇಕಂತೆ. ನಮ್ಮಲ್ಲಿ ಬದನೆಕಾಯಿಯೂ ಸಾರಾಗುತ್ತದೆ, ಸೊಪ್ಪೂ ಸಾರಾಗುತ್ತದೆ. ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ರೈಲಿನಲ್ಲಿ ಫ್ರಾನ್ಸಿಗೆ ಹೋಗಿದ್ದರು. ಅಲ್ಲಿ ಮೊದಲು ಸೂಪು, ಅದು ಮುಗಿದ ಮೇಲೆ ಇನ್ನೊಂದು, ಅದರ ತಟ್ಟೆ ಎತ್ತಿದ ಮೇಲೆ ಮತ್ತೊಂದು. "ಸವಳಂಗದ ಬಸ್ಸು ಬಂದಂಗೆ. ಒಂದು ಹೋದ ಮ್ಯಾಲೆ ಇನ್ನೊಂದಕ್ಕೆ ಕಾಯ್ತಾ ಕೂರಬೇಕು" ಎಂದಿದ್ದರು. ನನಗೆ ಆ ಹೋಲಿಕೆ ಹಿಡಿಸಿ ಎಷ್ಟೋ ದಿನ ನೆನೆದು ನಕ್ಕಿದ್ದೇನೆ.

ಖಾರ ಅವರಿಗೆ ದೊಡ್ಡ ಕಷ್ಟವಾಗಿರಲಿಲ್ಲ. ಅವರ ಕಷ್ಟ ಬೇರೆ. ಅವರ ತಾಯಿಯ ಮನೆಯಲ್ಲಿ ಇದ್ದವರೆಲ್ಲ ಒಂದು ಮೇಜಿನ ಸುತ್ತ ಕೂತು, ಪಾತ್ರೆ ಕೈಯಿಂದ ಕೈಗೆ ದಾಟಿಸಿ, ಒಟ್ಟಿಗೆ ಉಣ್ಣುತ್ತಿದ್ದರಂತೆ. ಇಲ್ಲಿ ಡಾಕ್ಟರು ಮೊದಲು, ಬಡಿಸಲು ಅವರ ತಾಯಿ. ಆಮೇಲೆ ತಾಯಿ. ಎಲ್ಲ ಆದ ಮೇಲೆ ಅಡಿಗೆಮನೆಯ ಮೂಲೆಯಲ್ಲಿ ಇವರೊಬ್ಬರೇ. ನಮ್ಮ ಮನೆಯಲ್ಲೂ ಹೀಗೇ ಇತ್ತು, ಎಲ್ಲರ ಮನೆಯಲ್ಲೂ ಹೀಗೇ. ಅದೊಂದು ದುಃಖ ಎಂದು ನನಗೆ ಅನ್ನಿಸಿರಲೇ ಇಲ್ಲ.

"ಇಲ್ಲಿಗೆ ಬಂದ ಮ್ಯಾಲೆ ನಮ್ಮ ಡಾಕ್ಟ್ರು ಉಣ್ಣೋದು ನಾನು ದಿನಾ ನೋಡ್ತೀನಿ. ನಾನು ಉಣ್ಣೋದು ಅವ್ರು ನೋಡೇ ಇಲ್ಲ" ಎಂದರು ಒಮ್ಮೆ. ಹೇಳಿ, ತಟ್ಟೆ ಎತ್ತಿಕೊಂಡು ತೊಳೆಯಲು ಹೋದರು.

ಡಾಕ್ಟರು ಒಂದು ಸಂಜೆ ದವಾಖಾನೆಯ ಕುರ್ಚಿಯಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ವಯಸ್ಸು ಐವತ್ತೂ ಆಗಿರಲಿಲ್ಲ. ಮಕ್ಕಳಿರಲಿಲ್ಲ. ಓಣಿಯ ಪ್ರತಿ ಮನೆಯಿಂದ ಆ ಮನೆಗೆ ಬುತ್ತಿ ಹೋಯಿತು, ಒಗ್ಗರಣೆ ಇಲ್ಲದ ಬುತ್ತಿ. ಆರಾಧನೆಯ ದಿನ ನೆಂಟರೆಲ್ಲ ಸೇರಿ ಹೋಳಿಗೆ ಬೇಯಿಸಿ, ಇನ್ನೇನು ಸಾರಿಗೆ ಒಗ್ಗರಣೆ ಹಾಕಬೇಕು, ಅಷ್ಟರಲ್ಲಿ ಅಕ್ಕ ಒಳಗೆ ಬಂದರು. ಹಣೆ ಬರಿದಾಗಿತ್ತು.

"ನನಗೆ ಒಗ್ಗರಣೆ ಬ್ಯಾಡ. ಇನ್ನು ಮ್ಯಾಲೆ ಬ್ಯಾಡ" ಎಂದರು.

ಒಗ್ಗರಣೆ ಸೌಟು ಹಿಡಿದಿದ್ದವರು ಅದನ್ನು ಕೆಳಗಿಟ್ಟರು. ಹೊನ್ನಾಳಿಯಿಂದ ಬಂದಿದ್ದ ಮುದುಕಿಯೊಬ್ಬಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೇಬಿಟ್ಟಳು. ಗಂಡ ಹೋದನೆಂದು ನಾಲಿಗೆಯ ರುಚಿಯನ್ನೇ ಬಿಟ್ಟ ಹೆಂಗಸನ್ನು ನಮ್ಮ ಸೀಮೆ ಕಂಡಿರಲಿಲ್ಲ. "ನಮ್ಮೋರು ಯಾರು ಹಿಂಗೆ ಮಾಡ್ಯಾರು ಹೇಳು" ಎಂದು ನಲ್ಲಿಯ ಹತ್ತಿರ, ಸಂತೆಯಲ್ಲಿ, ಬಸ್ಸಿನಲ್ಲಿ ಮಾತೇ ಮಾತು. ಬಿಳಿ ಸೊಸೆ ಒಂದೇ ದಿನದಲ್ಲಿ ಮಹಾಸತಿಯಾದರು. ಅವರ ಅತ್ತೆ, ನಾನು ದೊಡ್ಡವ್ವ ಎನ್ನುತ್ತಿದ್ದ ಆ ಹಟಮಾರಿ ಮುದುಕಿ, ಎಲ್ಲವನ್ನೂ ಕೇಳಿಸಿಕೊಂಡು, "ಸೊಸೆ ಬಿಟ್ಟ ಮ್ಯಾಲೆ ಹೆತ್ತೋಳು ನಾನು ಚುರ್ ಅನ್ನಿಸ್ಕಂಡು ತಿನ್ಲೇನು? ನಂಗೂ ಬ್ಯಾಡ" ಎಂದರು. ಹಟಕ್ಕೆ ಹಟ.

ಸ್ವಲ್ಪ ದಿನ ಕಳೆದ ಮೇಲೆ ನಾನು ಅಕ್ಕನನ್ನು ಮೆಲ್ಲಗೆ ಕೇಳಿದೆ. ಅವರು ಮುಚ್ಚಿಡಲಿಲ್ಲ.

"ಆ ದಿನಗಳಾಗೆ ನೀವೆಲ್ಲ ತಂದು ಕೊಟ್ಟ ಊಟ ನಮ್ಮಮ್ಮನ ಮನೆ ಊಟ ಇದ್ದಂಗೆ ಇತ್ತು. ಅಷ್ಟು ದುಃಖದಾಗೂ ಅದು ಸೇರ್ತು. ಬಿಡಾಕೆ ಮನಸ್ಸಾಗ್ಲಿಲ್ಲ" ಎಂದರು. ಆಮೇಲೆ, "ಜನಕ್ಕೆ ಹೇಳಿಬಿಡ್ಲಾ?"

"ಸುಮ್ನಿರ್ರಿ ಅಕ್ಕ" ಎಂದೆ. ಆಡಿಕೊಳ್ಳುವ ಬಾಯಿಗಳಿಗೆ ಅಪರೂಪಕ್ಕೆ ಬೀಗ ಬಿದ್ದಿತ್ತು, ನಾನೇಕೆ ತೆಗೆಸಲಿ?

ಆದರೆ ಅವರ ಭಯ ಜನರದ್ದಾಗಿರಲಿಲ್ಲ. ಆ ಮನೆಯಲ್ಲಿ ಈಗ ಮೊದಲು ಉಣ್ಣುವ ಗಂಡಸರಿರಲಿಲ್ಲ. ದಿನವೂ ಒಗ್ಗರಣೆಯಿಲ್ಲದೆ ಏನು ಮಾಡಬೇಕೆಂದು ದೊಡ್ಡವ್ವನಿಗೆ ತಿಳಿಯದು, ಹಾಗಾಗಿ ಒಲೆ ಅಕ್ಕನ ಕೈಗೆ ಬಂತು. ಮೊದಮೊದಲು ದೊಡ್ಡವ್ವ ಆ ಗೋಡೆಗೆ, ಅಕ್ಕ ಈ ಗೋಡೆಗೆ ಕೂತು ಉಣ್ಣುತ್ತಿದ್ದರು. ಬರಬರುತ್ತಾ ಎದುರುಬದುರಾದರು. ಆಲೂಗಡ್ಡೆಯ ಪಾತ್ರೆ ಇವರ ಕೈಯಿಂದ ಅವರ ಕೈಗೆ ಹೋಗುವುದನ್ನು ನಾನೇ ಕಂಡೆ. ದೊಡ್ಡವ್ವ ಪ್ರತಿ ದಿನ ಮುಖ ಕಿವುಚುತ್ತಿದ್ದರು, ಪ್ರತಿ ದಿನ ತಟ್ಟೆ ಖಾಲಿ ಮಾಡುತ್ತಿದ್ದರು. "ಇದು ವ್ರತ ಅಲ್ಲ, ನನ್ನ ಇಷ್ಟ ಅಂತ ಗೊತ್ತಾದ್ರೆ ಅವ್ರು ಎದ್ದು ಹೋಗ್ತಾರೆ. ಮತ್ತೆ ನಾನು ಒಬ್ಳೇ" ಎಂದು ಅಕ್ಕ ನನ್ನ ಹತ್ತಿರ ಪಿಸುಗುಟ್ಟುತ್ತಿದ್ದರು. ಆ ಭಯದಲ್ಲೇ ವರ್ಷಗಳು ಕಳೆದವು. ಓಣಿಯವರು ಆ ಮನೆಯ ಮುಂದೆ ಹಾಯುವಾಗ ದನಿ ತಗ್ಗಿಸುತ್ತಿದ್ದರು.

ಎಂಬತ್ತರ ದಶಕದ ನಡುವೆ ದೊಡ್ಡವ್ವ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ನಾನೂ ಅಲ್ಲೇ ಇದ್ದೆ. ಅಕ್ಕ ಬೇಳೆಯ ಕಟ್ಟು ಕುಡಿಸಲು ಹೋದರೆ ಮುದುಕಿ ಬಾಯಿ ತೆರೆಯಲಿಲ್ಲ.

"ಏ ಹುಡುಗಿ, ಇದಕ್ಕೆ ಒಂಚೂರು ಬೆಳ್ಳುಳ್ಳಿ ಒಗ್ಗರಣೆ ಹಾಕೇ. ನಾಲಿಗೆ ಸತ್ತು ಹೋಗೈತೆ" ಎಂದರು.

ಅಕ್ಕ ಗಾಬರಿಯಾದರು. "ನೀವು ಬಿಟ್ಟಿದ್ರಲ್ಲ ಅವ್ವಾ?"

"ನಾನು ಬಿಟ್ಟಿದ್ದೆ. ನೀನೇನು ಬಿಟ್ಟಿದ್ದೆ? ನಿಂಗೆ ಮೊದ್ಲಿಂದ್ಲೂ ಅದು ಬ್ಯಾಡಾಗಿತ್ತು. ದಿನಾ ಎದುರಿಗೆ ಕೂತು ನೋಡ್ತಿದ್ನಲ್ಲ, ಆಲೂಗಡ್ಡೆ ತಿನ್ನೋವಾಗ ನಿನ್ನ ಮುಖಾನ. ನಂಗೇನು ಕಣ್ಣು ಕಾಣಲ್ವಾ?"

ಅಕ್ಕ ಬಟ್ಟಲು ಕೆಳಗಿಟ್ಟರು. "ಗೊತ್ತಿದ್ದೂ ಯಾಕೆ ತಿಂದ್ರಿ ಮತ್ತೆ?"

"ಒಬ್ಳೇ ಕೂತು ಉಣ್ಣಾಕೆ ಆಗ್ತೈತೇನೆ?" ಎಂದರು ದೊಡ್ಡವ್ವ. ತಮ್ಮ ಬಗ್ಗೆ ಹೇಳಿದರೋ, ಸೊಸೆಯ ಬಗ್ಗೆಯೋ, ನಾನು ಇಂದಿಗೂ ಬಲ್ಲವಳಲ್ಲ. "ಹೋಗು, ಒಣಮೆಣಸಿನಕಾಯಿನೂ ಮುರಿದು ಹಾಕು."

ಅಕ್ಕ ಒಗ್ಗರಣೆ ಹಾಕಿದರು. ಸಾಸಿವೆ ಸಿಡಿದ ಸದ್ದಿಗೆ ಓಣಿಯ ಬಾಗಿಲುಗಳು ತೆರೆದವು. ನಮ್ಮತ್ತೆ ಏನಾಯಿತೆಂದು ಓಡಿ ಬಂದರು. ದೊಡ್ಡವ್ವ ಸೊಸೆಯ ಕೈಯಿಂದ ಒಂದೆರಡು ಗುಟುಕು ಕುಡಿದು, ಉಪ್ಪು ಕಡಿಮೆ ಎಂದರು. ಆ ವಾರ ಕಳೆಯುವುದರೊಳಗೆ ತೀರಿಕೊಂಡರು.

ಆರಾಧನೆ ಆದ ಮರುದಿನದಿಂದ ಅಕ್ಕ ಎರಡು ಹೊತ್ತೂ ಒಗ್ಗರಣೆ ಹಾಕಲು ಶುರುಮಾಡಿದರು. ಬೆಳ್ಳುಳ್ಳಿ, ಇಂಗು, ಕರಿಬೇವು, ಒಣಮೆಣಸಿನಕಾಯಿ, ಕೆಮ್ಮು ಬರುವಷ್ಟು. ಓಣಿ ತಿರುಗಿ ಬಿತ್ತು. "ಅತ್ತೆ ಕಣ್ಮುಚ್ಚಿದ್ದೇ ತಡ, ನಾಲಿಗೆ ಚಪಲ ತೀರಿಸ್ಕಂತಾಳೆ ನೋಡು. ಗಂಡನ ಮೇಲಿನ ಪ್ರೀತಿ ಎಲ್ಲ ನಾಟಕ" ಎಂದವರ ಜೊತೆ ನಾನು ನಲ್ಲಿಯ ಹತ್ತಿರ ಕೊಡ ಕೆಳಗಿಟ್ಟು ಜಗಳವಾಡಿದೆ. ಏನು ಪ್ರಯೋಜನ? ಸುಳ್ಳು ಸೂತಕಕ್ಕೆ ಕೈಮುಗಿದವರಿಗೆ ನಿಜವಾದದ್ದು ಕಾಣಲಿಲ್ಲ.

ನಾನು ಹೋದಾಗ ಅವರು ಒಬ್ಬರೇ ಕೂತು ಸಾರನ್ನ ಉಣ್ಣುತ್ತಿದ್ದರು. ಮೂಗು, ಕಣ್ಣು ಎಲ್ಲ ಕೆಂಪು.

"ಸೇರ್ತೈತಾ ಅಕ್ಕ?"

"ಇಲ್ಲ. ಖಾರ" ಎಂದು ಇನ್ನೊಂದು ತುತ್ತು ಕಲಸಿದರು. "ಆಲೂಗಡ್ಡೆ ಬೇಯಿಸಿದ್ರೆ ಎದುರಿಗೆ ಜಾಗ ಖಾಲಿ ಕಾಣ್ತೈತೆ. ಈ ವಾಸ್ನೆ ಬಂದ್ರೆ ಅವ್ವ ಇನ್ನೂ ಒಳಗೆ, ಮೊದ್ಲಿನಂಗೆ ಒಲೆ ಮುಂದೆ ಅದಾರೆ ಅನ್ಸುತ್ತೆ."

ಇಂಗ್ಲೆಂಡಿಗೆ ಹೋಗಿಬಿಡಿ ಎಂದು ನಾನು ಹೇಳಿದ್ದುಂಟು. ಅಲ್ಲಿ ತಾಯಿ ತೀರಿಹೋಗಿ ಬಹಳ ಕಾಲವಾಗಿತ್ತು. "ಅಲ್ಲೂ ಒಬ್ಳೇ ಉಣ್ಣಬೇಕು. ಅಲ್ಲಾದ್ರೆ ನಿನ್ನ ರೊಟ್ಟಿನೂ ಇಲ್ಲ" ಎಂದಿದ್ದರು. ನನಗೆ ಆಗ ಮಕ್ಕಳು, ಮನೆ, ಹಾಸಿಗೆ ಹಿಡಿದ ಮಾವ. ಬಿಡುವಾದಾಗ ಹೋಗುತ್ತಿದ್ದೆ. ಬಿಡುವು ಕಡಿಮೆ ಇರುತ್ತಿತ್ತು.

ಒಂದು ಚಳಿಗಾಲ ಜ್ವರ ಬಂದು, ಎದೆಗಿಳಿದು, ಅವರು ಹೋದರು. ಮಂಡಿಯ ದಾಯಾದಿಗಳು ಬಂದು ಗಂಡನ ಪಕ್ಕದಲ್ಲೇ ಮಣ್ಣು ಮಾಡಿ, ಮನೆಗೆ ಬೀಗ ಹಾಕಿಕೊಂಡು ಹೋದರು. ಆ ಮನೆಯಲ್ಲಿ ಅವರಿಗಾಗಿ ಒಗ್ಗರಣೆ ಬಿಡುವುದಕ್ಕೂ ಒಂದು ಜೀವ ಉಳಿದಿರಲಿಲ್ಲ.

ಮರುದಿನ ನಮ್ಮ ಮನೆಯವರು ಊಟಕ್ಕೆ ಕೂತು ಒಂದು ತುತ್ತು ಉಂಡು ತಲೆಯೆತ್ತಿದರು.

"ಇದೇನು, ಸಾರು ಸಪ್ಪಗೈತೆ? ಒಗ್ಗರಣೆ ಹಾಕಿಲ್ಲೇನು?"

"ಎದುರು ಮನೆ ಅಕ್ಕ ತೀರ್ಕಂಡ್ರಲ್ಲ" ಎಂದೆ.

"ಅವ್ರು ನಮಗೇನಾಗಬೇಕು?"

ನಾನು ಒಳಗೆ ಹೋದೆ. ಇನ್ನೊಂದು ತಟ್ಟೆ ತಂದೆ. ಮದುವೆಯಾಗಿ ಅಷ್ಟು ವರ್ಷಗಳಲ್ಲಿ ಮೊದಲ ಸಲ, ಅವರ ಎದುರಿಗೆ ಕೂತು, ಅನ್ನ ಬಡಿಸಿಕೊಂಡು ಉಂಡೆ.