ಕಂಬಳಿಯ ಕೆಳಗಿನ ಕಲೆ

ಮಗಳನ್ನು ನೋಡಲು ಬಂದವರು ಹೊರಗೆ ಚಪ್ಪಲಿ ಬಿಡುತ್ತಿದ್ದಾಗಲೇ ನಮ್ಮ ಬೆಕ್ಕು ಹಾಲ್‌ನ ಕಾರ್ಪೆಟ್ ಮೇಲೆ ಕೂದಲಿನ ಉಂಡೆ ಕಕ್ಕಿತು. ಗಾಬರಿಯಲ್ಲಿ ಒದ್ದೆ ಬಟ್ಟೆಯಿಂದ ಉಜ್ಜಿದೆ. ಹಳದಿ ಕಲೆ ತಟ್ಟೆಯಗಲ ಹರಡಿತು. ಬೇರೇನೂ ತೋಚದೆ ಮಂಚದ ಮೇಲಿದ್ದ ಕರಿ ಕಂಬಳಿಯನ್ನು ಎಳೆದು ತಂದು ಅದರ ಮೇಲೆ ಹಾಸಿಬಿಟ್ಟೆ.

ಹುಡುಗನ ಅಜ್ಜಿ ಒಳಗೆ ಬಂದವರೇ ಕಂಬಳಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಹರಿಯಬ್ಬೆ ಕಡೆಯ ಕುರಿ ಸಾಕುವ ಮನೆ ಅವರದು. ಶುಭಕಾರ್ಯಕ್ಕೆ ಕಂಬಳಿ ಹಾಸುವುದು ಕುರಿ ಕಾಯುವ ನಮ್ಮ ಜನರಲ್ಲಿ ದೊಡ್ಡ ಮರ್ಯಾದೆ. ಹಳ್ಳಿ ಬಿಟ್ಟು ದುರ್ಗದ ಪೇಟೆಗೆ ಬಂದ ಮೇಲೆ ನಾನೇ ಅದನ್ನು ಮರೆತಿದ್ದೆ.

"ಪ್ಯಾಟೆ ಮನ್ಯಾಗೂ ನಮ್ ಪದ್ಧತಿ ಉಳಿಸ್ಕಂಡೀರಲ್ಲ" ಎಂದು ಅಜ್ಜಿ ಅದರ ಮೇಲೇ ಕುಳಿತರು.

ಆ ಹೊಗಳಿಕೆಯನ್ನು ದಕ್ಕಿಸಿಕೊಳ್ಳಲಾಗದೆ ನಿಜ ಹೇಳಿಬಿಟ್ಟೆ. ಅಜ್ಜಿ ಎದ್ದು ಕಂಬಳಿಯ ಅಂಚೆತ್ತಿ ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಕಂಬಳ್ಯಾಗೆ ಬುತ್ತಿ ಕಟ್ಕಂಡೋರು ಕೂದ್ಲಿಗೆ ಹೇಸಿದ್ರೆ ಆಗ್ತೈತಾ? ಉಜ್ಜಬ್ಯಾಡ್ರಿ, ಅಡಿಗೆ ಸೋಡಾ ತರ್ರಿ."

ಸೋಡಾ ಉದುರಿಸಿ, ಉಪ್ಪಿಟ್ಟು ಕಾಫಿ ಮುಗಿಯುವವರೆಗೆ ಹಾಗೇ ಬಿಟ್ಟು, ಆಮೇಲೆ ಅವರೇ ಬ್ರಷ್ ಹಿಡಿದರು. ಕಲೆ ಹೋಯಿತು.

ನಿಶ್ಚಿತಾರ್ಥಕ್ಕೂ ಅದೇ ಕಂಬಳಿ ಹಾಸಿದೆವು. ಈ ಸಲ ಅದರ ಕೆಳಗೆ ಏನೂ ಇರಲಿಲ್ಲ. ಬೆಕ್ಕು ಮಾತ್ರ ಬೀಗರಿಗಿಂತ ಮೊದಲೇ ಬಂದು ಮೇಲೆ ಕುಳಿತಿತ್ತು.