ಎದುರಿಗೆ ಕೂತವನ ಎದೆ

ಅವನ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಒಂದು ಸೀಳು ಇತ್ತು. ಚಿಕ್ಕಂದಿನಲ್ಲಿ ಕುರಿಯ ಉಣ್ಣೆ ಕತ್ತರಿಸುವಾಗ ಕತ್ತರಿ ತಾಗಿ ಆದದ್ದು. ಮಳೆಗಾಲದಲ್ಲಿ ಕೂಡಿಕೊಂಡಂತೆ ಕಾಣುತ್ತಿತ್ತು, ಚಳಿ ಶುರುವಾದರೆ ಮತ್ತೆ ಬಾಯಿ ಬಿಡುತ್ತಿತ್ತು. ದೀಪಾವಳಿ ರಜೆಯ ಹಿಂದಿನ ಆ ಭಾನುವಾರ ಬೆಳಿಗ್ಗೆ, ಚಳ್ಳಕೆರೆಯ ಹೊರಗಿನ ಹಳ್ಳದ ದಂಡೆಯಲ್ಲಿ, ಜಾಲಿ ಮರದ ಕೆಳಗೆ ಕೂತು, ಆ ಹೆಬ್ಬೆರಳನ್ನು ಕುರಿಯ ಹೃದಯದ ದೊಡ್ಡ ರಕ್ತನಾಳದೊಳಗೆ ತೂರಿಸಿ ಅವನು ನನ್ನನ್ನು ಕೇಳಿದ:

“ಇಲ್ಲಿಂದ ಬಂತು ರಕ್ತ. ಈಗ ನನ್ನ ಬೆಳ್ಳು ಯಾವ ಕೋಣ್ಯಾಗೈತೆ, ಹೇಳು.”

“ಎಡಗಡೆ ಮೇಲಿನದು.”

“ತಿರುಗಾ ಅದೇ ಮಾಡಿದೆ ನೋಡು! ಲೇ ಸೀರೆ, ನಿನ್ನ ತಲೇನ ಮಗ್ಗದ ಗುಂಡ್ಯಾಗೆ ಮರ್ತು ಬಂದೀಯೇನೋ?”

ನಾನು ಮೊಳಕಾಲ್ಮೂರಿನ ನೇಕಾರರ ಮನೆಯವನು. ಅದಕ್ಕೆ ಅವನು ನನ್ನನ್ನು ಕರೆಯುತ್ತಿದ್ದದ್ದೇ ಸೀರೆ ಎಂದು. ಅವನು ದೇವಸಮುದ್ರದ ಕಡೆಯ ಕುರಿಗಾರರ ಹಟ್ಟಿಯವನು. ನಾವಿಬ್ಬರೂ ಚಳ್ಳಕೆರೆಯಲ್ಲಿ ಒಂದೇ ಕೋಣೆಯಲ್ಲಿದ್ದು ಮೇಲಿನ ತರಗತಿ ಓದುತ್ತಿದ್ದೆವು. ಕೋಣೆ ಕೊಟ್ಟಿದ್ದ ಅಜ್ಜಿ ಮಾಂಸವನ್ನು ಹೊಸಿಲು ದಾಟಿಸಲು ಬಿಡುತ್ತಿರಲಿಲ್ಲ. ಹಾಗಾಗಿ ನಮ್ಮ ಹೃದಯದ ಪಾಠ ಹಳ್ಳದ ದಂಡೆಗೆ ಹೋಯಿತು. ಸಂತೆಬೀದಿಯ ಕಸಾಯಿ ಸಾಬರು ಮುತ್ತುಗದ ಎಲೆಯಲ್ಲಿ ಕುರಿಯ ಹೃದಯವನ್ನು ಕಟ್ಟಿಕೊಡುವಾಗ ಪ್ರತಿ ಸಲವೂ ಕೇಳುತ್ತಿದ್ದರು: “ದಿಲ್ಲು ತಿನ್ನಾಕಾ, ಓದಾಕಾ?” ನನ್ನ ಜೊತೆಗಾರ ಹೇಳುತ್ತಿದ್ದ, “ಮೊದಲು ಓದಿ, ಆಮ್ಯಾಲೆ ತಿಂತೀನ್ರಿ.” ಹಾಗೆಯೇ ಮಾಡುತ್ತಿದ್ದ. ಮೂರು ಕಲ್ಲು ಹೂಡಿ ಸುಟ್ಟುಕೊಂಡು ತಿನ್ನುವಾಗ ನಾನು ಆ ಕಡೆ ಮುಖ ತಿರುಗಿಸಿ ಕೂರುತ್ತಿದ್ದೆ.

ನನ್ನ ತೊಂದರೆ ಇದು. ನಮ್ಮ ಮಗ್ಗದಲ್ಲಿ ಸೀರೆಯ ಒಳಮೈ ಮೇಲೆ, ಹೊರಮೈ ಕೆಳಗೆ. ಸೆರಗಿನ ನವಿಲು ಉಟ್ಟವರಲ್ಲಿ ಬಲಕ್ಕೆ ನೋಡಬೇಕಾದರೆ ನೇಯುವವನ ಕಣ್ಣಿಗೆ ಎಡಕ್ಕೆ ನೋಡಬೇಕು. ಚಿತ್ರ ಕಂಡರೆ ಸಾಕು, ನನ್ನ ಕೈ ಅದನ್ನು ತಾನಾಗಿ ತಿರುಗಿಸಿಬಿಡುತ್ತಿತ್ತು. ಮೇಷ್ಟ್ರು ಹಲಗೆಯ ಮೇಲೆ ಬರೆದ ಹೃದಯ ನನ್ನ ಪುಸ್ತಕಕ್ಕೆ ಬರುವಷ್ಟರಲ್ಲಿ ಅದರ ಬಲ ಎಡವಾಗಿರುತ್ತಿತ್ತು. ಗೆರೆ ಮಾತ್ರ ಚೊಕ್ಕ. ಚೊಕ್ಕವಾದ ತಪ್ಪು ಅದು. ಅರ್ಧವಾರ್ಷಿಕದಲ್ಲಿ ಆ ಚಿತ್ರಕ್ಕೆ ಸೊನ್ನೆ ಬಂದಿತ್ತು.

ಆ ಭಾನುವಾರ ಅವನು ಹೃದಯವನ್ನು ಎಲೆಯ ಮೇಲಿಟ್ಟು ನನ್ನ ಎದುರಿಗೆ ಚಕ್ಕಂಬಕ್ಕಳ ಹಾಕಿ ಕೂತ. ಅಂಗಿ ಬಿಚ್ಚಿ, ಒಲೆಯ ಇದ್ದಿಲಿನಿಂದ ತನ್ನ ಎದೆಯ ಮೇಲೆ ನಾಲ್ಕು ಕೋಣೆ ಬರೆದುಕೊಂಡ. “ನೀನು ಬರೆಯೋದು ನಿನ್ನ ಎದೆ ಅಲ್ಲ, ಸೀರೇನೂ ಅಲ್ಲ. ಎದುರಿಗೆ ಕೂತೋನ ಎದೆ. ನನ್ನ ನೋಡ್ಕಂಡು ಬರಿ” ಎಂದ. ನಾನು ಅವನನ್ನು ನೋಡಿಕೊಂಡು ಬರೆದೆ. ಚಿತ್ರ ಸರಿ ಬಂತು. ಅವನು ತನ್ನ ಎದೆಯ ಮಸಿ ನೋಡಿಕೊಂಡು, “ಅವ್ವ ಕಂಡ್ರೆ ಯಾವ ದೇವ್ರಿಗೆ ಹರಕೆ ಹೊತ್ತಿದ್ಯೋ ಅಂತಾಳೆ” ಎಂದು ನಕ್ಕ.

ಆ ಕಾಲಕ್ಕೆ ಜೀವಶಾಸ್ತ್ರವನ್ನು ಇಂಗ್ಲಿಷ್ ಪುಸ್ತಕದಿಂದಲೇ ಓದಬೇಕಿತ್ತು. ಹೂವಿನ ಪಾಠ ತರಗತಿಗೆಲ್ಲ ಇಷ್ಟ. ಎಸಳು ಬಿಡಿಸುವುದರಲ್ಲಿ ಯಾರಿಗೂ ಸಂಕಟವಿರಲಿಲ್ಲ. ಶಾಲೆಗೆ ಇದ್ದ ಒಂದೇ ಒಂದು ಹಿತ್ತಾಳೆಯ ಸೂಕ್ಷ್ಮದರ್ಶಕವನ್ನು ಮೇಷ್ಟ್ರು ಬೀಗ ತೆಗೆದು ಹೊರಗಿಡುವ ದಿನ ಜ್ವರ ಬಂದವರೂ ಬರುತ್ತಿದ್ದರು. ಈರುಳ್ಳಿಯ ಪೊರೆ ನನಗೆ ನೇಯ್ಗೆಯಂತೆ ಕಂಡಿತು. ಅವನು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿ, “ಎಷ್ಟೊಂದು ಮನೆ ಅವೆ. ಒಬ್ರೂ ಕಾಣವಲ್ರು” ಎಂದ. ಹಿಂದಿನವರು ತಳ್ಳಿದರೂ ಏಳಲಿಲ್ಲ.

ಕಷ್ಟ ಶುರುವಾದದ್ದು ಪ್ರಾಣಿಗಳ ಪಾಠದಿಂದ. ಕೆಲವರಿಗೆ ಕೊಯ್ಯುವುದು ಕಷ್ಟ, ಕೆಲವರಿಗೆ ಹೆಸರು ನೆನಪಿಡುವುದು ಕಷ್ಟ. ಕಪ್ಪೆ ಕೊಯ್ದ ದಿನ ಮೇಷ್ಟ್ರಿಗೇ ಮನಸ್ಸು ಬರಲಿಲ್ಲ. ಅವರು ಕತ್ತರಿಯನ್ನು ನನ್ನ ಜೊತೆಗಾರನ ಕೈಗೆ ಕೊಟ್ಟರು. ಅವನು ಒಂದು ಹನಿ ಚೆಲ್ಲದೆ ಬಿಡಿಸಿಟ್ಟ.

“ಇದೇನು?” ಮೇಷ್ಟ್ರು ಕೇಳಿದರು.

“ಈಲಿ ಸಾ.”

“ಇದು?”

“ಗುಂಡಿಗೆ.”

ತರಗತಿ ಗೊಳ್ಳೆಂದಿತು. ಹಿಂದಿನಿಂದ ಯಾರೋ “ಕುರಿ ಡಾಕ್ಟ್ರು!” ಎಂದರು. ಮೇಷ್ಟ್ರು ಹಲಗೆಯ ಮೇಲೆ ಇಂಗ್ಲಿಷಿನ ಲಿವರ್ ಪಕ್ಕದಲ್ಲಿ ಕನ್ನಡದಲ್ಲಿ ‘ಈಲಿ’ ಎಂದು ಬರೆದರು. “ನಗಬೇಡಿ. ಪುಸ್ತಕ ಬರೆದವನಿಗಿಂತ ಮೊದಲೇ ಇವನ ಅಜ್ಜಂದಿರು ಇದಕ್ಕೆ ಹೆಸರಿಟ್ಟಿದ್ದಾರೆ” ಎಂದರು. ಆಮೇಲೆ ತಗ್ಗಿದ ದನಿಯಲ್ಲಿ ಅವನಿಗೆ, “ಆದರೆ ಪರೀಕ್ಷೆಯಲ್ಲಿ ಹೀಗೆ ಬರೆದರೆ ಅಂಕ ಬರೋದಿಲ್ಲಪ್ಪ” ಎಂದರು.

ಅವನಿಗೆ ಆ ಅಂಕ ಬೇಕೇ ಬೇಕಿತ್ತು. ದನದ ಆಸ್ಪತ್ರೆಯ ಕೆಲಸ ಕಲಿಯಲು ಹೋಗಬೇಕೆಂದು ಮನಸ್ಸು ಮಾಡಿದ್ದ. ಅದಕ್ಕೆ ಈ ಪರೀಕ್ಷೆ ದಾಟಬೇಕು. ಅವರ ಹಟ್ಟಿಯಲ್ಲಿ ಕೆಲವು ವರ್ಷ ಕುರಿಗಳು ಬೆಳಿಗ್ಗೆ ಮೇಯುತ್ತಿದ್ದು ಮಧ್ಯಾಹ್ನಕ್ಕೆ ಮೂಗಿನಲ್ಲಿ ಕಪ್ಪು ರಕ್ತ ಸುರಿಸಿ ಬಿದ್ದುಬಿಡುತ್ತಿದ್ದವು. ಅದಕ್ಕೆ ಅವರು ನೆರಡಿ ಬೇನೆ ಎನ್ನುತ್ತಿದ್ದರು. “ಅಮ್ಮ ಮುನಿದಾಳೆ ಅಂತಾರೆ ನಮ್ಮೋರು. ನನಗೆ ಅದರ ಒಳಗೇನೈತೆ ನೋಡ್ಬೇಕು” ಎಂದು ಅವನು ಎಷ್ಟು ಸಲ ಹೇಳಿದ್ದನೋ.

ನಮ್ಮ ನಡುವೆ ಒಂದು ಒಪ್ಪಂದವಿತ್ತು. ಅವನು ಪ್ರಾಣಿಯನ್ನು ತಿಳಿಸಿಕೊಡಬೇಕು, ನಾನು ಪುಸ್ತಕವನ್ನು ಓದಿ ಕನ್ನಡದಲ್ಲಿ ಹೇಳಬೇಕು. ಇಂಗ್ಲಿಷ್ ಅಕ್ಷರಗಳನ್ನು ಅವನು ಕೂಡಿಸಿ ಓದುತ್ತಿದ್ದ, ಅರ್ಥ ಹತ್ತುತ್ತಿರಲಿಲ್ಲ. ಚಿತ್ರ ಬರೆಯಲು ಕೂತರಂತೂ ಪೆನ್ಸಿಲನ್ನು ಕುರಿ ಕಾಯುವ ಕೋಲಿನಂತೆ ಹಿಡಿಯುತ್ತಿದ್ದ. ಅದಕ್ಕಾಗಿ ಅವನ ರೆಕಾರ್ಡು ಪುಸ್ತಕದ ಚಿತ್ರಗಳನ್ನೂ ನಾನೇ ಬರೆದುಕೊಡುತ್ತಿದ್ದೆ. ಹೆಸರುಗಳನ್ನು ಅವನು ಬರೆಯುತ್ತಿದ್ದ, ನಾಲಿಗೆ ಕಚ್ಚಿಕೊಂಡು.

ಅದೇ ಭಾನುವಾರ ಮಧ್ಯಾಹ್ನ ಮುದ್ದೆ ಉಂಡ ಮೇಲೆ ನಾನು ಪುಸ್ತಕದಲ್ಲಿ ನೆರಡಿ ಬೇನೆಯ ಬಗ್ಗೆ ಇದ್ದ ಪುಟ ಓದಿ ಹೇಳಿದೆ. ಹೊಟ್ಟೆಯೊಳಗೆ ಎಡಕ್ಕಿರುವ ಗುಲ್ಮಕ್ಕೆ ಇಂಗ್ಲಿಷಿನಲ್ಲಿ ಸ್ಪ್ಲೀನ್ ಎಂದು ಹೆಸರು. ಈ ಬೇನೆಯಲ್ಲಿ ಅದು ಕೆಲವು ಪಟ್ಟು ಊದಿ ಕಪ್ಪಾಗುತ್ತದೆ. ಅವನು ಎದ್ದು ಕೂತ. “ಒಳ್ಳೇದು ಒಂದು, ಬೇನೆ ಬಂದದ್ದು ಒಂದು, ಎರಡೂ ಪಕ್ಕಪಕ್ಕ ಬರೆದ್ರೆ?” ಎಂದ. “ಮೇಷ್ಟ್ರು ಮೆಚ್ಕೊಂಡುಬಿಡ್ತಾರೆ” ಎಂದೆ.

ಪುಟದ ಕೆಳಗೆ ಸಣ್ಣಕ್ಷರದಲ್ಲಿ ಇನ್ನೊಂದು ಸಾಲಿತ್ತು. ಅವನು ಅದರ ಮೇಲೆ ಬೆರಳಿಟ್ಟ. “ಇಲ್ಲೇನೋ ಐತಲ್ಲೋ?”

ನನಗೆ ನಿದ್ದೆ ಎಳೆಯುತ್ತಿತ್ತು. “ಅದೆಲ್ಲ ಪರೀಕ್ಷೆಗೆ ಬರಲ್ಲ ಬಿಡು” ಎಂದು ಪುಸ್ತಕ ಮುಚ್ಚಿದೆ.

ಸಂಜೆ ಅವನು ದೇವಸಮುದ್ರದ ಗಾಡಿ ಹತ್ತಿದ. ಎಂದಿನಂತೆ, “ಬರ್ತೀನಿ ಲೇ ಸೀರೆ” ಎಂದ. ಅದೇ ಕೊನೆಯ ಸಾಧಾರಣ ದಿನ.

ರಜೆ ಮುಗಿಸಿ ಬಂದವನ ಕಣ್ಣಲ್ಲಿ ಹೊಳಪಿತ್ತು. ಕಂಬಳಿ ಇಳಿಸುವ ಮೊದಲೇ, “ಕಂಡೆ ಕಣೋ” ಎಂದ. ಹಿಂದಿನ ದಿನ ಅವರ ಮಂದೆಯ ಒಂದು ಕುರಿ ಆ ಬೇನೆಯಲ್ಲಿ ಬಿದ್ದಿತ್ತು. ಹಾಗೆ ಸತ್ತ ಕುರಿಯ ಚರ್ಮ ಸುಲಿಯದೆ, ಮೈ ಸೀಳದೆ, ಆಳವಾಗಿ ಹೂತು ಮೇಲೆ ಮುಳ್ಳು ಹೊಚ್ಚುವುದು ಅವರ ಪದ್ಧತಿ. ಅವನ ದೊಡ್ಡಪ್ಪ ತೆಲುಗಿನಲ್ಲಿ “ಕೊಯ್ಯೊದ್ದುರಾ” ಎಂದು ಕೂಗಿಕೊಂಡು ಬಂದನಂತೆ. ಕೊಯ್ದರೆ ಅಮ್ಮನ ಸಿಟ್ಟು ಮಂದೆಗೆಲ್ಲ ತಟ್ಟುತ್ತದೆ ಎಂದನಂತೆ. ದೊಡ್ಡಪ್ಪ ಗುಂಡಿ ತೋಡಲು ಹಾರೆ ತರುವಷ್ಟರಲ್ಲಿ ಇವನು ಕೊಯ್ದು ನೋಡಿದ್ದ.

“ಅಂಗೈಗಿಂತ ದೊಡ್ಡದಾಗಿತ್ತು. ನೇರಳೆಹಣ್ಣಿನ ಬಣ್ಣ. ಒತ್ತಿದ್ರೆ ಕೆಸರಿನಂಗೆ ಒಡ್ಕಂತು. ಬರಿ, ಬರಿ, ಮರ್ತುಬಿಡ್ತೀನಿ.” ಅವನು ಹೇಳಿದಂತೆ ನಾನು ಬರೆದೆ. ಎಡಕ್ಕೆ ಒಳ್ಳೆಯದು, ಬಲಕ್ಕೆ ಬೇನೆಯದು. ನೇರಳೆಹಣ್ಣನ್ನೇ ಹಿಂಡಿ ಬಣ್ಣ ಹಚ್ಚೋಣವೆಂದ. ಅದರ ಕಾಲವಲ್ಲವಾದ್ದರಿಂದ ಶಾಯಿ ಹಚ್ಚಿದೆವು.

ಎರಡು ದಿನ ಕಳೆದ ಮೇಲೆ ಅವನ ಹೆಬ್ಬೆರಳಿನ ಸೀಳಿನ ಪಕ್ಕ ಒಂದು ಗುಳ್ಳೆ ಕಂಡಿತು. ಮರುದಿನ ಅದರ ನಡು ಇದ್ದಿಲಿನಂತೆ ಕಪ್ಪಾಯಿತು. “ನೋಯ್ತಾ ಇಲ್ಲ ಬಿಡೋ” ಎಂದು ಅರಿವೆ ಸುತ್ತಿಕೊಂಡ. ಅಂದೇ ರೆಕಾರ್ಡು ತೋರಿಸುವ ದಿನ. ಮೇಷ್ಟ್ರು ಗುಲ್ಮಗಳ ಪುಟ ತಿರುವಿ ಬೆಳಕಿಗೆ ಹಿಡಿದು ನೋಡಿದರು. ಅಷ್ಟು ಹೊತ್ತು ಅವರು ಯಾವ ಚಿತ್ರವನ್ನೂ ನೋಡಿದ್ದಿಲ್ಲ.

“ಪುಸ್ತಕದಲ್ಲಿ ಈ ಚಿತ್ರ ಇಲ್ಲವಲ್ಲ. ಎಲ್ಲಿ ಕಂಡಿರಿ?”

“ನಮ್ಮ ಕುರೀದು ಸಾ. ನಾನೇ ಕೊಯ್ದೆ.”

ಮೇಷ್ಟ್ರು ರೆಕಾರ್ಡನ್ನು ಕೆಳಗಿಟ್ಟರು. “ಕೈ ತೋರಿಸು” ಎಂದರು. ಅರಿವೆ ಬಿಚ್ಚಿ ನೋಡಿದರು. ಪಾಠದ ಪುಸ್ತಕ ತೆಗೆದು ನೆರಡಿಯ ಪುಟದ ಕೆಳಗೆ ಬೆರಳಿಟ್ಟು ನಮ್ಮಿಬ್ಬರನ್ನೂ ನೋಡಿ, “ಇದನ್ನು ಓದಲಿಲ್ಲವೇ?” ಎಂದರು.

“ಏನು ಬರ್ದೈತೆ ಸಾ ಅದರಾಗೆ?” ಅವನೇ ಕೇಳಿದ.

“ಈ ಬೇನೆಯಲ್ಲಿ ಸತ್ತ ಪ್ರಾಣಿಯನ್ನು ಯಾವ ಕಾರಣಕ್ಕೂ ಕೊಯ್ಯಬಾರದು, ಚರ್ಮ ಸುಲಿಯಬಾರದು, ಆಳವಾಗಿ ಹೂಳಬೇಕು ಅಂತ. ರಕ್ತದಲ್ಲಿರುವ ವಿಷ ಗಾಯದೊಳಗೆ ಹೋಗುತ್ತೆ ಅಂತ.”

ಅವನು ನನ್ನ ಕಡೆ ತಿರುಗಲಿಲ್ಲ. ಸ್ವಲ್ಪ ಹೊತ್ತು ಆ ಸಣ್ಣಕ್ಷರಗಳನ್ನೇ ನೋಡಿದ. ಆಮೇಲೆ, ಒಂದು ಲೆಕ್ಕ ಬಿಡಿಸಿದವನಂತೆ ಹೇಳಿದ: “ಹಂಗಾದ್ರೆ ನಮ್ಮ ದೊಡ್ಡಪ್ಪ ಹೇಳಿದ್ದೂ ಇದೇಯ ಸಾ.”

ಮೇಷ್ಟ್ರೇ ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಹುಣ್ಣನ್ನು ಸುಟ್ಟರು, ಔಷಧಿ ಹಾಕಿ ಕಟ್ಟಿದರು. ಮರುದಿನಕ್ಕೆ ಮೊಣಕೈವರೆಗೆ ಬಾವು ಏರಿತು, ಜ್ವರ ಬಂತು. ಕೋಣೆಯಲ್ಲಿ ಅವನ ಪಕ್ಕ ಕೂತು ನಾನು, “ನಾನು ಓದಲಿಲ್ಲ ಕಣೋ” ಎಂದೆ.

“ಓದಿದ್ರೂ ಕೊಯ್ತಿದ್ನೇನೋ, ಬಿಡು” ಎಂದ.

ಅದು ನಿಜವೋ, ನನ್ನ ಸಮಾಧಾನಕ್ಕೆ ಹೇಳಿದ್ದೋ ತಿಳಿಯದು. ಊರಿಗೆ ಹೋಗುತ್ತೇನೆಂದು ಹಟ ಹಿಡಿದ. ದೊಡ್ಡಪ್ಪ ಗಾಡಿ ತಂದ. ಊರ ಹೊರಗಿನವರೆಗೆ ನಾನು ಗಾಡಿಯ ಜೊತೆ ನಡೆದೆ. “ರೆಕಾರ್ಡು ಜ್ವಾಪಾನ. ಸ್ಪ್ಲೀನ್‌ಗೆ ಹೆಸರು ಬರೆಯೋದೈತೆ, ನೀನು ಬರೀಬ್ಯಾಡ, ನಾನು ಬಂದು ಬರೀತೀನಿ” ಎಂದ. ಮೂರನೆಯ ದಿನ ಹಟ್ಟಿಯಲ್ಲಿ ತೀರಿಕೊಂಡ. ಸುದ್ದಿ ನನಗೆ ಮುಟ್ಟಿದಾಗ ಹೂತು ಎರಡು ದಿನವಾಗಿತ್ತು.

ರೆಕಾರ್ಡು ತೆಗೆದುಕೊಂಡು ಅವರ ಹಟ್ಟಿಗೆ ಹೋದೆ. ಅವನ ಅವ್ವ ಅದನ್ನು ತೊಡೆಯ ಮೇಲಿಟ್ಟುಕೊಂಡು ಪುಟ ತಿರುವಿದಳು. “ಇದರಾಗೆ ಅವ್ನು ಬರೆದಿದ್ದು ಯಾವ್ದಪ್ಪ?” ಎಂದಳು. ಚಿತ್ರ ನನ್ನದು, ಅಕ್ಷರ ಅವನದು ಎಂದೆ. ಅವಳು ಸೊಟ್ಟ ಅಕ್ಷರಗಳ ಮೇಲೆ ಬೆರಳಾಡಿಸುತ್ತ ಹೋದಳು. ಎರಡು ಗುಲ್ಮಗಳ ಪುಟದಲ್ಲಿ ಅಕ್ಷರವಿರಲಿಲ್ಲ. ಬೆರಳು ಅಲ್ಲಿ ನಿಂತಿತು. ಆಗ ನಾನು ಆ ಮಧ್ಯಾಹ್ನದ ಸಂಗತಿಯನ್ನು, ಓದದೆ ಬಿಟ್ಟ ಸಾಲನ್ನು ಹೇಳಿದೆ.

ಅವಳು ರೆಕಾರ್ಡು ಮುಚ್ಚಿದಳು. ಆಮೇಲೆ, “ಅವರ ದೊಡ್ಡಪ್ಪನ ಮಾತು ಕೇಳಲಿಲ್ಲ. ನೀನು ಹೇಳಿದ್ರೆ ಕೇಳ್ತಿದ್ದ” ಎಂದಳು.

ಬೈದು ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದಳು. ಎದ್ದು ಹೋಗಿ ಮಜ್ಜಿಗೆ ತಂದು ಕೊಟ್ಟಳು.

ಪರೀಕ್ಷೆಯಲ್ಲಿ ಹೃದಯದ ಚಿತ್ರವೇ ಬಂತು. ನನ್ನ ಮುಂದಿನ ಬೆಂಚು ಖಾಲಿ ಇತ್ತು. ಕಣ್ಣು ಮುಚ್ಚಿ, ಜಾಲಿ ಮರದ ಕೆಳಗೆ ಅಂಗಿ ಬಿಚ್ಚಿ ಕೂತವನನ್ನು ಎದುರಿಗಿಟ್ಟುಕೊಂಡು ಬರೆದೆ. ತೇರ್ಗಡೆಯಾದೆ. ಮುಂದೆ ಓದಲು ಮನಸ್ಸಾಗಲಿಲ್ಲ. ಮಗ್ಗಕ್ಕೂ ಮರಳಲಿಲ್ಲ, ಮೊಳಕಾಲ್ಮೂರಿನಲ್ಲೇ ಮಾಸ್ತರನಾದೆ.

ನಮ್ಮ ಶಾಲೆಯಲ್ಲಿ ಯಾವ ಪುಸ್ತಕದ ಯಾವ ಪುಟವಾದರೂ ಕೆಳಗಿನ ಸಣ್ಣಕ್ಷರವನ್ನು ಮೊದಲು ಓದಿಸುತ್ತೇನೆ. ಮಕ್ಕಳಿಗೆ ಇದೊಂದು ತಮಾಷೆ. ದೇಹದ ಪಾಠ ಬಂದಾಗ ಅವರನ್ನು ಇಬ್ಬಿಬ್ಬರಾಗಿ ಎದುರುಬದುರು ಕೂರಿಸಿ, ಎದುರಿನವನನ್ನು ನೋಡಿಕೊಂಡು ಬರೆಯಿರಿ ಎನ್ನುತ್ತೇನೆ. ಒಬ್ಬ ಉಳಿದರೆ ಅವನ ಎದುರಿಗೆ ನಾನೇ ಕೂರುತ್ತೇನೆ. ಎಲ್ಲರೂ ಹೋದ ಮೇಲೆ ಹಲಗೆ ಒರೆಸುವ ಮುನ್ನ ಒಂದು ಸಲ ನನ್ನಷ್ಟಕ್ಕೆ ಆ ಹೃದಯವನ್ನು ಬರೆದು ನೋಡುತ್ತೇನೆ. ಎಡಬಲ ತಪ್ಪುವುದಿಲ್ಲ.

ಎದುರಿಗೆ ಅವನಿಲ್ಲ.