ಸಿವಾಸ್‌ನಲ್ಲಿ ಬೆನ್ನ ಹಿಂದೆ ಸುರಿದ ನೀರು

ಟರ್ಕಿಯ ಒಳನಾಡಿನ ಸಿವಾಸ್ ಊರಿನಲ್ಲಿ ಒಂದು ಹಳೆಯ ಮದರಸಾ ಇದೆ. ಇದೆ ಎನ್ನುವುದೂ ತಪ್ಪು. ಸೆಲ್ಜುಕ್ ಸುಲ್ತಾನರ ಕಾಲದ ಆ ಕಟ್ಟಡದಲ್ಲಿ ಉಳಿದಿರುವುದು ಮುಂದಿನ ಗೋಡೆ ಮಾತ್ರ. ಬಾಗಿಲ ಸುತ್ತ ಜಾಲರಿಯಂಥ ಕೆತ್ತನೆ, ಮೇಲೆ ಇಟ್ಟಿಗೆಯ ಜೋಡಿ ಮಿನಾರು, ಅಲ್ಲಲ್ಲಿ ನೀಲಿ ಮೆರುಗಿನ ಹೆಂಚಿನ ತುಣುಕು. ಬಾಗಿಲು ದಾಟಿದರೆ ಅಡಿಪಾಯದ ಕಲ್ಲು, ಆಕಾಶ.

ನಾವು ವಿಜಯಪುರದವರು. ಹೆಂಡತಿ ಒಳಗೆ ಹೋದಷ್ಟೇ ಬೇಗ ಹೊರಗೆ ಬಂದಳು. "ಗೋಲಗುಮ್ಮಟದ ಊರಾವ್ರಿಗೆ ಇದನ್ನ ತೋರ್ಸಾಕ ಇಷ್ಟ ದೂರ ಕರ್ಕೊಂಡ ಬಂದ್ರೇನ್ರಿ?" ಈ ಮಾತು ಖಚಿತ. ಅಥವಾ ಹೇಳಿ ಹೇಳಿ ಖಚಿತ ಮಾಡಿಕೊಂಡಿದ್ದೇನೆ.

ಮರುದಿನ ನಾವು ಉಳಿದಿದ್ದ ಮರದ ಮನೆಯಿಂದ ಹೊರಟಾಗ, ಆ ಮನೆಯ ಅಜ್ಜಿ ಪಾತ್ರೆಯಲ್ಲಿ ನೀರು ತಂದು ನಮ್ಮ ಬೆನ್ನ ಹಿಂದೆ ಬೀದಿಗೆ ಸುರಿದಳು. ಹೆಂಡತಿ ನಿಂತುಬಿಟ್ಟಳು. ನಮ್ಮಲ್ಲಿ ಹೆಣ ಎತ್ತಿದ ಮೇಲೆ ಅಂಗಳಕ್ಕೆ ನೀರು ಹಾಕುತ್ತಾರೆ. ಊರಿಗೆ ಹೊರಟವರ ಹಿಂದೆ ಕಸವನ್ನೂ ಗುಡಿಸುವುದಿಲ್ಲ.

"ನಾವಿನ್ನೂ ನಮ್ಮ ಕಾಲಮ್ಯಾಲೆ ಹೊಂಟೀವಲ್ಲ, ಮುದುಕಿಗೇನ ಅವಸರ?" ಅಂದಳು.

ಹೆದರಿದ್ದಳೋ, ನಕ್ಕಳೋ? ನೆನಪಿನಲ್ಲಿ ಒಮ್ಮೆ ನಗುತ್ತಾಳೆ, ಒಮ್ಮೆ ಬಸ್ಸು ಹತ್ತುವವರೆಗೂ ಹೊರಳಿ ಹೊರಳಿ ಆ ಒದ್ದೆ ಬೀದಿಯನ್ನೇ ನೋಡುತ್ತಾಳೆ. ಮುಂದಿನ ವರ್ಷ ತೀರಿಕೊಂಡಳು. ನನಗೆ ಬೇಕಿರುವುದು ಆ ನಗು. ಬೇಕಾಗಿದೆ ಎಂಬ ಕಾರಣಕ್ಕೇ ಅದನ್ನು ನಂಬಲಾರೆ.

ನಾನೂ ಮಗಳೂ ಇದ್ದದ್ದು ಸಿಡ್ನಿಯಿಂದ ಕಾರಿನಲ್ಲಿ ಒಂದು ದಿನದ ದಾರಿಯ ವೆರಿಬೀಯಲ್ಲಿ; ಅಲ್ಲಿ ನಮ್ಮ ಪಕ್ಕದ ಮನೆಯ ಮುದುಕರು ಸಿವಾಸ್ ಪಕ್ಕದ ಕೈಸೇರಿಯವರು. ಒಂದು ದಿನ ಆ ನೀರಿನ ಮಾತೆತ್ತಿದಾಗ ಬೇಲಿಯಾಚೆಯಿಂದ ಹೇಳಿದರು: "ಅದು ಹಾರೈಕೆ. ನೀರಿನ ಹಾಗೆ ಸಲೀಸಾಗಿ ಹೋಗು, ನೀರಿನ ಹಾಗೆ ಸಲೀಸಾಗಿ ಬಾ ಅಂತ."

ಇದನ್ನು ಕೇಳಬೇಕಾದವಳು ಇಲ್ಲ. ಅಡುಗೆಮನೆಯಲ್ಲಿ ನಿಂತು ಗಟ್ಟಿಯಾಗಿ ಹೇಳಿ ನೋಡಿದೆ.

ಹೊಸ ಕೆಲಸ ಸಿಕ್ಕಿ ಮಗಳು ಸಿಡ್ನಿಯ ಮ್ಯಾಕ್ವೆರಿ ಪಾರ್ಕ್‌ಗೆ ಹೊರಟ ಬೆಳಿಗ್ಗೆ, ಡ್ರೈವ್‌ವೇಯಲ್ಲಿ ತಂಬಿಗೆ ಹಿಡಿದು ನಿಂತೆ. ಅವಳು ಕಾರಿನ ಕಿಟಕಿ ಇಳಿಸಿದಳು.

"ಅಪ್ಪಾ, ವಾಟ್ ಆರ್ ಯೂ ಡೂಯಿಂಗ್?"

"ಏನಿಲ್ಲವಾ. ಗಿಡಕ್ಕ."

"ದೇರ್ ಈಸ್ ನೋ ಗಿಡ ದೇರ್."

"ಹಚ್ಚತೀನಿ. ನೀ ನಡಿ."

ಕಾರು ತಿರುವಿನಲ್ಲಿ ಮರೆಯಾಗುವಾಗ ಸುರಿದೆ. ನೀರು ಅವಳು ಹೋದ ದಿಕ್ಕು ಬಿಟ್ಟು ಚರಂಡಿಯ ಕಡೆ ಹರಿಯಿತು. ಒಳಗೆ ಬಂದು, ಸಿಡ್ನಿ ಮುಟ್ಟಿದೆ ಎಂದು ಅವಳ ಫೋನು ಬರುವವರೆಗೆ, ಮನೆಯ ಕಸ ಗುಡಿಸದೆ ಕೂತೆ.